ಮನೆಯ ಬೀಗದ ಕೈ ಯಾರಲ್ಲಿ?

ನಮ್ಮ ಹಳೆಯ ಓದುಗರಾದ ನಿವೃತ್ತ ಅಧ್ಯಾಪಕರೊಬ್ಬರು ಇತ್ತೀಚೆಗೆ ಕಚೇರಿಗೆ ಬಂದಿದ್ದರು. ಈ ಜಿಲ್ಲೆಯ ಕನ್ನಡ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಹೇಳಿದವರು. ಬಂದಾಗಲೆಲ್ಲ ಪತ್ರಿಕೆಯಲ್ಲಿ ನುಸುಳಿದ ಅಕ್ಷರದೋಷಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿ ತಂದು ಮೇಜಿನ ಮೇಲಿಡುವುದು ಅವರ ರೂಢಿ. ಈ ಸಲ ಬರಿಗೈಯಲ್ಲಿ ಬಂದಿದ್ದರು. ಬ್ಯಾಂಕಿನವನೆಂದು ಹೇಳಿಕೊಂಡು ಒಬ್ಬಾತ ಅವರಿಗೆ ಫೋನು ಮಾಡಿದ್ದಾನೆ. ಪಿಂಚಣಿಯ ದಾಖಲೆ ಸರಿಪಡಿಸಬೇಕಾಗಿದೆ, ಇಲ್ಲವಾದರೆ ಮುಂದಿನ ತಿಂಗಳ ಹಣ ನಿಲ್ಲುತ್ತದೆ ಎಂದಿದ್ದಾನೆ. ಅವರ ಫೋನಿಗೆ ಒಂದು ಆ್ಯಪ್ ಹಾಕಿಸಿ, ಅದರಲ್ಲಿ ಮೂಡಿದ ಅಂಕೆಗಳನ್ನು ಓದಿಸಿಕೊಂಡು, ಒಪ್ಪಿಗೆಯ ಗುಂಡಿ ಒತ್ತಿಸಿದ್ದಾನೆ. ಅರ್ಧ ಗಂಟೆಯೊಳಗೆ ಖಾತೆಯಲ್ಲಿ ಉಳಿದದ್ದು ಚಿಲ್ಲರೆ ಮಾತ್ರ.

"ಇಷ್ಟು ತಿಳಿದ ನೀವು ಹೇಗೆ ನಂಬಿದಿರಿ ಮಾಸ್ತರೇ?" ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನು ಕನ್ನಡದಲ್ಲಿ ಮಾತನಾಡಿದ" ಎಂದರು. ಹೆಸರು ಬೇಡ, ಆದರೆ ವಿಷಯವನ್ನು ಬರೆಯಲೇಬೇಕು ಎಂದು ಹೇಳಿ ಹೋದರು.

ಆ ಒಂದು ಮಾತು ನಮ್ಮನ್ನು ಬಹಳವಾಗಿ ಕಾಡಿದೆ. ಕಚೇರಿಯ ಕಿಟಕಿಯ ಆಚೆಯಿಂದ ತನ್ನ ಭಾಷೆ ಕೇಳಿಬರುವುದು ಅಪರೂಪವಾಗಿರುವ ಜನಕ್ಕೆ, ಫೋನಿನಲ್ಲಿ ಒಬ್ಬ ಅಧಿಕಾರಿ ಕನ್ನಡದಲ್ಲಿ "ನಮಸ್ಕಾರ ಸರ್" ಎಂದರೆ ಮನಸ್ಸು ಅರ್ಧ ಕರಗಿಬಿಡುತ್ತದೆ. ಕಳ್ಳನಿಗೆ ಇದು ಗೊತ್ತಿದೆ. ಆದುದರಿಂದ ದೂರದಿಂದ ಇನ್ನೊಬ್ಬರ ಕಂಪ್ಯೂಟರಿಗೆ, ಫೋನಿಗೆ ಕೈಹಾಕಲು ಬಳಸುವ ಸಾಧನಗಳ ಬಗ್ಗೆ, ಅವುಗಳ ಗುಣದೋಷಗಳ ಬಗ್ಗೆ, ನಮ್ಮ ಓದುಗರ ಮುಂದೆ ನಾಲ್ಕು ಮಾತು ಇಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮೊದಲಾಗಿ ಹೇಳಬೇಕಾದುದೆಂದರೆ ಈ ಸಾಧನಗಳು ಕೆಟ್ಟವಲ್ಲ. ಮಕ್ಕಳು ಬೆಂಗಳೂರಿನಲ್ಲೋ ದುಬಾಯಿಯಲ್ಲೋ ಕುವೈತಿನಲ್ಲೋ ಇದ್ದು, ಊರಿನ ಮನೆಯಲ್ಲಿ ಹಿರಿಯರಿಬ್ಬರೇ ಉಳಿದಿರುವ ಸಂಸಾರಗಳು ನಮ್ಮಲ್ಲಿ ಎಷ್ಟಿಲ್ಲ? ಪ್ರಿಂಟರು ಓಡದಿದ್ದರೆ, ಮೊಮ್ಮಗಳ ಮದುವೆಯ ಫೋಟೋ ತೆರೆಯದಿದ್ದರೆ, ಹಿಂದೆಲ್ಲ ಪೇಟೆಯಿಂದ ಜನ ಕರೆಸಬೇಕಿತ್ತು. ಈಗ ಮಗನು ಅಲ್ಲಿಂದಲೇ ಪರದೆಯನ್ನು ನೋಡಿ ಸರಿಪಡಿಸುತ್ತಾನೆ. ನಮ್ಮ ಕಚೇರಿಯ ಪುಟವಿನ್ಯಾಸದ ಕಂಪ್ಯೂಟರು ರಾತ್ರಿ ಹತ್ತು ಗಂಟೆಗೆ ಮುಷ್ಕರ ಹೂಡಿದಾಗ ಮಂಗಳೂರಿನಲ್ಲಿ ಕುಳಿತ ಯುವಕನೊಬ್ಬ ಅದನ್ನು ಸರಿಪಡಿಸಿ ಮರುದಿನದ ಸಂಚಿಕೆಯನ್ನು ಉಳಿಸಿಕೊಟ್ಟದ್ದುಂಟು. ಕತ್ತಿ ಅಡಿಗೆಮನೆಯಲ್ಲಿ ಇರಲೇಬೇಕು. ಯಾರ ಕೈಗೆ ಕೊಡುತ್ತೇವೆ ಎಂಬುದಷ್ಟೇ ಪ್ರಶ್ನೆ.

ಈ ವಿದ್ಯೆ ಹೊಸತೂ ಅಲ್ಲ. ದೂರದ ಕಂಪ್ಯೂಟರಿಗೆ ತಂತಿಯ ಮೂಲಕ ಆಜ್ಞೆ ಕೊಡುವ ಟೆಲ್‌ನೆಟ್ ಎಂಬ ಪದ್ಧತಿ 1969ರಷ್ಟು ಹಿಂದಿನದು. ಅದರಲ್ಲಿ ಪಾಸ್‌ವರ್ಡು ಸಹ ಅಂಚೆ ಕಾರ್ಡಿನ ಬರಹದಂತೆ ದಾರಿಯಲ್ಲಿ ಯಾರು ಬೇಕಾದರೂ ಓದುವಂತೆ ಹೋಗುತ್ತಿತ್ತು. ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹೀಗೆ ಪಾಸ್‌ವರ್ಡುಗಳ ಕಳವಾದಾಗ, ಅಲ್ಲಿಯ ತತು ಯೂಲೋನೆನ್ ಎಂಬವರು 1995ರಲ್ಲಿ ಎಸ್‌ಎಸ್‌ಎಚ್ ಎಂಬ ಮೊಹರು ಹಾಕಿದ ಲಕೋಟೆಯಂಥ ಪದ್ಧತಿಯನ್ನು ನಿರ್ಮಿಸಿದರು. ಇಂಗ್ಲೆಂಡಿನ ಕೇಂಬ್ರಿಜ್‌ನ ಪ್ರಯೋಗಾಲಯವೊಂದು ದೂರದ ಪರದೆಯ ಚಿತ್ರವನ್ನೇ ಇಲ್ಲಿಗೆ ತಂದು ತೋರಿಸುವ ವಿಎನ್‌ಸಿಯನ್ನು 1998ರಲ್ಲಿ ಉಚಿತವಾಗಿ ಹೊರತಂದಿತು. ಅದೇ ವರ್ಷ ಮೈಕ್ರೋಸಾಫ್ಟ್ ತನ್ನ ವಿಂಡೋಸ್‌ಗಾಗಿ ಆರ್‌ಡಿಪಿ ಎಂಬ ಪದ್ಧತಿಯನ್ನು ತಂದಿತು. ಇಂದು ಪೇಟೆಯಲ್ಲಿ ಸಿಗುವ ಸಾಧನಗಳೆಲ್ಲ ಈ ಹಿರಿಯರು ತೋರಿದ ದಾರಿಯಲ್ಲೇ ಮುಂದುವರಿದಿವೆ.

ಯಾವುದು ಒಳ್ಳೆಯದು ಎಂದು ಕೇಳುವವರಿಗೆ ನಮ್ಮ ಸಲಹೆ ಇಷ್ಟೇ. ವೇಗ, ಅಂದ, ಬೆಲೆ ಇವುಗಳನ್ನು ನೋಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಬೇಕು. ಬಾಗಿಲು ತೆರೆಯುವವರು ಯಾರು? ತೆರೆದ ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ? ಬರುವವನು ಯಾರ ಅಂಗಳವನ್ನು ದಾಟಿ ಬರುತ್ತಾನೆ?

ಮನೆಯ ಹಿರಿಯರಿಗೆ ಒಮ್ಮೊಮ್ಮೆ ಸಹಾಯ ಬೇಕು ಎಂಬಷ್ಟಕ್ಕೆ ಎರಡು ಸಾಧನಗಳು ಧಾರಾಳ ಸಾಕು. ವಿಂಡೋಸ್ ಕಂಪ್ಯೂಟರಿಗೆ ಮೈಕ್ರೋಸಾಫ್ಟ್ ಸಂಸ್ಥೆಯೇ ಕೊಡುವ ಕ್ವಿಕ್ ಅಸಿಸ್ಟ್ ಒಂದು. ಸಹಾಯ ಮಾಡುವವನು ತನ್ನ ಖಾತೆಯಿಂದ ಒಳಹೋಗಿ ಒಂದು ಸಂಕೇತವನ್ನು ಪಡೆಯುತ್ತಾನೆ. ಸಹಾಯ ಬೇಕಾದವರು ಆ ಸಂಕೇತವನ್ನು ತಮ್ಮ ಪರದೆಯಲ್ಲಿ ಬರೆದು ಒಪ್ಪಿಗೆ ಕೊಡಬೇಕು. ಸಂಕೇತಕ್ಕೆ ಹತ್ತು ನಿಮಿಷ ಮಾತ್ರ ಆಯುಷ್ಯ. ಇನ್ನೊಂದು, ಗೂಗಲ್‌ನ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್. ಇದರಲ್ಲಿ ಸಹಾಯ ಬೇಕಾದವರ ಪರದೆಯಲ್ಲೇ ಸಂಕೇತ ಮೂಡುತ್ತದೆ, ಅದು ಒಂದು ಸಲಕ್ಕೆ ಮಾತ್ರ ಸಲ್ಲುತ್ತದೆ, ಅರ್ಧ ಗಂಟೆಗೊಮ್ಮೆ "ಮುಂದುವರಿಸಬೇಕೇ?" ಎಂದು ಮನೆಯವರನ್ನೇ ಕೇಳುತ್ತದೆ. ನಮ್ಮ ರಾಜ್ಯದ ಶಾಲೆಗಳಲ್ಲಿ ಮಕ್ಕಳು ಬಳಸುವ ಲಿನಕ್ಸ್ ಕಂಪ್ಯೂಟರುಗಳಲ್ಲೂ ಇದು ನಡೆಯುತ್ತದೆ. ಕ್ವಿಕ್ ಅಸಿಸ್ಟ್ ನಡೆಯದು. ಎರಡೂ ಉಚಿತ. ಎರಡರಲ್ಲೂ ಕೆಲಸ ಮುಗಿದೊಡನೆ ಬಾಗಿಲು ತಾನಾಗಿ ಮುಚ್ಚುತ್ತದೆ. ಹಿರಿಯರು ಪರದೆಯ ಮುಂದೆ ಕುಳಿತು ಮಗನು ಏನು ಮಾಡುತ್ತಾನೆಂದು ಕಣ್ಣಾರೆ ನೋಡಿ ಕಲಿಯಲೂಬಹುದು.

ಹೆಚ್ಚು ಪ್ರಸಿದ್ಧವಾದವು ಜರ್ಮನಿಯ ಎರಡು ಕಂಪೆನಿಗಳ ಟೀಮ್‌ವ್ಯೂವರ್ ಮತ್ತು ಎನಿಡೆಸ್ಕ್. ನಿಧಾನಗತಿಯ ಸಂಪರ್ಕದಲ್ಲೂ ಚೆನ್ನಾಗಿ ಓಡುವುದು, ವಿಂಡೋಸ್, ಲಿನಕ್ಸ್, ಫೋನು ಎಂಬ ಭೇದವಿಲ್ಲದೆ ಎಲ್ಲ ಕಡೆ ನಡೆಯುವುದು, ಕಡತಗಳನ್ನು ಅತ್ತಿಂದಿತ್ತ ಸಾಗಿಸುವುದು ಇವುಗಳ ಹೆಚ್ಚುಗಾರಿಕೆ. ಸ್ವಂತ ಉಪಯೋಗಕ್ಕೆ ಉಚಿತ. ವ್ಯಾಪಾರಕ್ಕೆ ಹಣ ತೆರಬೇಕು. ಸುಲಭವಾಗಿರುವುದೇ ಇವುಗಳ ಗುಣ, ಅದೇ ಇವುಗಳ ದೋಷವೂ ಆಗಿ ಪರಿಣಮಿಸಿದೆ. ಎನಿಡೆಸ್ಕನ್ನು ಬಳಸಿ ಯುಪಿಐ ಮೂಲಕ ಹಣ ಲಪಟಾಯಿಸುವ ತಂತ್ರದ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಷ್ಟು ಹಿಂದೆಯೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಆ್ಯಪಿನಲ್ಲಿ ವಂಚನೆ ಇಲ್ಲ. ವಂಚಕನಿಗೂ ಅದು ಸಜ್ಜನನಿಗೆ ಒದಗಿದಷ್ಟೇ ಸುಲಭವಾಗಿ ಒದಗುತ್ತದೆ.

ಇಲ್ಲಿ ಫೋನಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. "ಅವನು ನೋಡಿದನಷ್ಟೆ, ಮುಟ್ಟಲಿಲ್ಲವಲ್ಲ" ಎಂದು ಸಮಾಧಾನ ಪಟ್ಟುಕೊಳ್ಳುವವರಿದ್ದಾರೆ. ಐಫೋನಿನಲ್ಲಿ ಇಂಥ ಆ್ಯಪ್‌ಗಳಿಗೆ ಪರದೆಯನ್ನು ನೋಡಲು ಮಾತ್ರ ಅವಕಾಶ, ಮುಟ್ಟಲು ಇಲ್ಲವೆಂಬುದು ನಿಜ. ಆದರೆ ನೋಡುವುದೇ ಸಾಕು. ಬ್ಯಾಂಕಿನ ಓಟಿಪಿ ಬರುವುದು ಆ ಪರದೆಗೇ ಅಲ್ಲವೇ? ಅದನ್ನು ಓದಿ ಹೇಳುವ ಅಗತ್ಯವೇ ಇಲ್ಲದಂತೆ ಅವನು ಅಲ್ಲಿಂದಲೇ ಓದಿಕೊಳ್ಳುತ್ತಾನೆ. ನಮ್ಮ ಮಾಸ್ತರರ ಪ್ರಸಂಗದಲ್ಲಿ ಆದದ್ದೂ ಇದೇ. ಕಂಪ್ಯೂಟರಿನಲ್ಲಿ ಸಹಾಯ ಪಡೆಯಿರಿ. ಹಣದ ವ್ಯವಹಾರ ಇರುವ ಫೋನಿಗೆ ಇಂಥ ಆ್ಯಪನ್ನು ಹಾಕಲೇಬೇಡಿ ಎಂಬುದು ನಮ್ಮ ನಿಶ್ಚಿತ ಅಭಿಪ್ರಾಯ.

ಸಣ್ಣ ಅಂಗಡಿ, ಅಡಿಕೆ ಮಂಡಿ, ಮುದ್ರಣಾಲಯ, ಲೆಕ್ಕಪತ್ರದ ಕಚೇರಿಗಳ ಅಗತ್ಯ ಬೇರೆ. ಯಾರೂ ಕುಳಿತಿಲ್ಲದ ಕಂಪ್ಯೂಟರಿಗೂ ಮನೆಯಿಂದ ಸಂಪರ್ಕ ಬೇಕಾಗುತ್ತದೆ. ವಿಂಡೋಸ್‌ನ ಆರ್‌ಡಿಪಿ ಇದಕ್ಕೆ ತಕ್ಕುದು. ಪರದೆ ಸ್ಪಷ್ಟ, ಓಟ ಸರಾಗ. ಆದರೆ ವಿಂಡೋಸ್‌ನ ಹೋಮ್ ಆವೃತ್ತಿಯ ಕಂಪ್ಯೂಟರು ಹೀಗೆ ಹೊರಗಿನವರನ್ನು ಬರಮಾಡಿಕೊಳ್ಳಲಾರದು. ಪ್ರೊ ಆವೃತ್ತಿ ಬೇಕು. ದೂರದಿಂದ ಒಬ್ಬರು ಒಳಬಂದೊಡನೆ ಅಲ್ಲಿಯ ಪರದೆಗೆ ಬೀಗ ಬೀಳುವುದರಿಂದ, ಪಕ್ಕದಲ್ಲಿ ಕುಳಿತವರಿಗೆ ತೋರಿಸಿ ಕಲಿಸಲು ಇದು ಸಲ್ಲದು. ಇನ್ನೂ ಮುಖ್ಯವಾದ ಮಾತು: ಆರ್‌ಡಿಪಿಯ ಬಾಗಿಲನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆದಿಡುವುದು ಹೆದ್ದಾರಿಯ ಬದಿಯಲ್ಲಿ ತಿಜೋರಿ ಇಟ್ಟಂತೆ. ಬ್ಲೂಕೀಪ್ ಎಂದು ಹೆಸರಾದ ದೋಷವೊಂದು 2019ರಲ್ಲಿ ಬಯಲಾದಾಗ, ಪಾಸ್‌ವರ್ಡೇ ಇಲ್ಲದೆ ಹಳೆಯ ವಿಂಡೋಸ್ ಕಂಪ್ಯೂಟರುಗಳೊಳಗೆ ನುಗ್ಗಬಹುದೆಂದು ತಿಳಿದುಬಂತು. ಬೆಂಬಲ ಮುಗಿದಿದ್ದ ವಿಂಡೋಸ್ ಎಕ್ಸ್‌ಪಿಗೂ ಆಗ ಮೈಕ್ರೋಸಾಫ್ಟ್ ದುರಸ್ತಿ ಕೊಡಬೇಕಾಯಿತು. ವಿಪಿಎನ್ ಎಂಬ ಖಾಸಗಿ ಓಣಿಯ ಮೂಲಕವಲ್ಲದೆ ಆರ್‌ಡಿಪಿಯನ್ನು ಬಳಸಬಾರದೆಂದು ಕಂಪ್ಯೂಟರು ನೋಡಿಕೊಳ್ಳುವವರಿಗೆ ಖಡಾಖಂಡಿತವಾಗಿ ಹೇಳಿ.

ಕ್ರೋಮ್ ರಿಮೋಟ್ ಡೆಸ್ಕ್‌ಟಾಪನ್ನೂ ಯಾರೂ ಇಲ್ಲದ ಕಂಪ್ಯೂಟರಿಗೆ ಬಳಸಬಹುದು. ಕನಿಷ್ಠ ಆರು ಅಂಕೆಗಳ ಪಿನ್ ಇಡಬೇಕು. ಆದರೆ ಆಗ ನಿಮ್ಮ ಗೂಗಲ್ ಖಾತೆಯೇ ಬೀಗದ ಕೈ ಎಂಬುದನ್ನು ಮರೆಯಬಾರದು. ಅದಕ್ಕೆ ಎರಡು ಹಂತದ ದೃಢೀಕರಣ ಇಲ್ಲದಿದ್ದರೆ ಕದಕ್ಕೆ ಚಿಲಕ ಹಾಕಿ ಕಿಟಕಿ ತೆರೆದಿಟ್ಟಂತೆ. ವಿಎನ್‌ಸಿ ಸರಳ, ಎಲ್ಲ ಬಗೆಯ ಕಂಪ್ಯೂಟರಿಗೂ ಹೊಂದುತ್ತದೆ. ಆದರೆ ಅದರ ಮೂಲರೂಪದಲ್ಲಿ ಸಾಗುವ ಮಾಹಿತಿಗೆ ಮುಸುಕಿಲ್ಲ, ಎಸ್‌ಎಸ್‌ಎಚ್‌ನ ಒಳಗಿಂದ ಅದನ್ನು ಕಳುಹಿಸುವುದು ವಾಡಿಕೆ. ಎಸ್‌ಎಸ್‌ಎಚ್ ಬರಿಯ ಅಕ್ಷರಗಳ ಲೋಕ, ಚಿತ್ರವಿಲ್ಲ, ಮೌಸಿಲ್ಲ. ಅದಕ್ಕಾಗಿಯೇ ಮಳೆಗಾಲದ ಸಂಜೆ ಸಂಪರ್ಕ ಎಳೆಯಷ್ಟು ತೆಳ್ಳಗಾದಾಗಲೂ ಅದು ನಡೆಯುತ್ತದೆ. ಲಿನಕ್ಸ್ ಬಲ್ಲ ಯುವಕರು ಇದನ್ನು ಕಲಿತರೆ ಉದ್ಯೋಗಕ್ಕೂ ದಾರಿಯಾದೀತು.

ಮೂರನೆಯ ಪ್ರಶ್ನೆ ಅಂಗಳದ್ದು. ಟೀಮ್‌ವ್ಯೂವರ್, ಎನಿಡೆಸ್ಕ್‌ಗಳಲ್ಲಿ ಎರಡೂ ಕಡೆಯವರನ್ನು ಜೋಡಿಸಿಕೊಡುವುದು ಆ ಕಂಪೆನಿಗಳ ಸರ್ವರು. ಅಂದರೆ ಅವರ ಅಂಗಳ ಭದ್ರವಾಗಿದ್ದರೆ ನಾವು ಭದ್ರ. ತನ್ನ ಸರ್ವರುಗಳೊಳಗೆ ಆಗಂತುಕರು ನುಗ್ಗಿದ್ದರೆಂದು 2024ರ ಫೆಬ್ರವರಿಯಲ್ಲಿ ಎನಿಡೆಸ್ಕ್ ಒಪ್ಪಿಕೊಂಡು, ಜಾಲತಾಣದ ಪಾಸ್‌ವರ್ಡುಗಳನ್ನು ರದ್ದುಗೊಳಿಸಿತು. ಅದೇ ವರ್ಷ ಜೂನಿನಲ್ಲಿ ಟೀಮ್‌ವ್ಯೂವರ್ ತನ್ನ ಆಂತರಿಕ ಜಾಲದಲ್ಲೂ ನುಸುಳುವಿಕೆ ನಡೆದುದನ್ನು ಪ್ರಕಟಿಸಿತು. ಗ್ರಾಹಕರ ಮಾಹಿತಿಗೆ ಧಕ್ಕೆಯಾಗಿಲ್ಲವೆಂದೂ ತಿಳಿಸಿತು. ದೊಡ್ಡ ಮನೆಗೂ ಕನ್ನ ಬೀಳುತ್ತದೆ ಎಂಬುದಕ್ಕೆ ಇವು ನಿದರ್ಶನ. ಇದಕ್ಕೆ ಬದಲಾಗಿ ರಸ್ಟ್‌ಡೆಸ್ಕ್ ಎಂಬ ಮುಕ್ತ ತಂತ್ರಾಂಶವಿದೆ. ಅದರ ಒಳಗುಟ್ಟನ್ನು ಯಾರು ಬೇಕಾದರೂ ಓದಿ ಪರಿಶೀಲಿಸಬಹುದು. ಮಧ್ಯದ ಸರ್ವರನ್ನು ನಮ್ಮದೇ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬಹುದು. ಅದನ್ನು ನಡೆಸಲು ತಿಳಿದವರು ಬೇಕೆಂಬುದು ನಿಜ. ಸಹಕಾರಿ ಸಂಘಗಳು, ಶಾಲಾ ಆಡಳಿತ ಮಂಡಳಿಗಳು ಒಟ್ಟುಗೂಡಿ ಒಬ್ಬ ತಿಳಿದವನನ್ನು ಇಟ್ಟುಕೊಂಡರೆ ಇದು ಅಸಾಧ್ಯವೇನಲ್ಲ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ತೊಡಕೂ ಉಂಟು. ದೂರದ ಕಂಪ್ಯೂಟರಿನಲ್ಲಿ ಕನ್ನಡ ಬೆರಳಚ್ಚು ಮಾಡಹೊರಟರೆ ಒಮ್ಮೊಮ್ಮೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಇಲ್ಲಿಯ ಕೀಲಿಮಣೆಯನ್ನು ಇಂಗ್ಲಿಷಿನಲ್ಲೇ ಬಿಟ್ಟು, ಕನ್ನಡದ ಕೀಲಿಮಣೆಯನ್ನು ಆಚೆಯ ಕಂಪ್ಯೂಟರಿನಲ್ಲಿ ಆನ್ ಮಾಡಿದರೆ ಸರಿಹೋಗುತ್ತದೆಂಬುದು ನಮ್ಮ ಕಚೇರಿಯ ಅನುಭವ.

ಇಷ್ಟೆಲ್ಲ ಹೇಳಿದ ಮೇಲೂ, ಯಾವ ಸಾಧನವೂ ತಾನಾಗಿ ನಮ್ಮನ್ನು ಕಾಯಲಾರದೆಂಬುದನ್ನು ಒತ್ತಿ ಹೇಳಬೇಕಾಗಿದೆ. ನಾವು ಮೇಲೆ ಹೊಗಳಿದ ಕ್ವಿಕ್ ಅಸಿಸ್ಟನ್ನೇ ವಂಚಕರು ಬಳಸುತ್ತಿದ್ದಾರೆಂದು ಸ್ವತಃ ಮೈಕ್ರೋಸಾಫ್ಟ್ 2024ರ ಮೇಯಲ್ಲಿ ಎಚ್ಚರಿಸಿತು. "ಸಂಖ್ಯೆಯನ್ನು ಯಾರಿಗೂ ಹೇಳಬೇಡಿ" ಎಂಬ ಬ್ಯಾಂಕುಗಳ ಬುದ್ಧಿಮಾತು ಇಲ್ಲಿ ಸಾಲದು. ಏಕೆಂದರೆ ಇದರಲ್ಲಿ ಸಂಖ್ಯೆಯನ್ನು ಹೇಳುವವನೇ ಕಳ್ಳ, ಬರೆದುಕೊಳ್ಳುವವರು ನಾವು. ಆದುದರಿಂದ ನೆನಪಿಡಬೇಕಾದ ನಿಯಮ ಒಂದೇ: ಕರೆ ಮಾಡಿದ್ದು ನಾವೋ, ಅವರೋ? ನಾವಾಗಿ ಮಗನಿಗೆ, ಪರಿಚಯದ ಮೆಕ್ಯಾನಿಕ್‌ಗೆ ಫೋನು ಮಾಡಿ ಕೇಳಿದ ಸಹಾಯಕ್ಕೆ ಬಾಗಿಲು ತೆರೆಯಬಹುದು. ತಾನಾಗಿ ಫೋನು ಮಾಡಿ ಸಹಾಯಕ್ಕೆ ಬರುವವನು ಬ್ಯಾಂಕಿನವನಿರಲಿ, ಪೊಲೀಸನಿರಲಿ, ಯಾವ ಭಾಷೆಯನ್ನೇ ಆಡಲಿ, ಅವನಿಗೆ ತೆರೆಯಬಾರದು. ಬ್ಯಾಂಕು ಯಾರ ಫೋನಿಗೂ ಇಂಥ ಆ್ಯಪ್ ಹಾಕಿಸಿ ದಾಖಲೆ ಸರಿಪಡಿಸುವುದಿಲ್ಲ. ಕೆಲಸವಿದ್ದರೆ ನಾಳೆ ಶಾಖೆಗೇ ಹೋದರಾಯಿತು.

ಒಂದು ವೇಳೆ ಮೋಸ ಹೋದೆವೆಂದು ತಿಳಿದರೆ ನಾಚಿಕೊಂಡು ಕೂರಬಾರದು. ಕೂಡಲೇ ಅಂತರ್ಜಾಲ ಸಂಪರ್ಕ ಕಡಿದು, ಬೇರೆ ಫೋನಿನಿಂದ 1930 ಎಂಬ ಸಂಖ್ಯೆಗೆ ಮತ್ತು ಬ್ಯಾಂಕಿಗೆ ತಿಳಿಸಬೇಕು. ಆ ಆ್ಯಪನ್ನು ತೆಗೆದುಹಾಕಿ, ಪಾಸ್‌ವರ್ಡು, ಪಿನ್‌ಗಳನ್ನು ಬೇರೊಂದು ಉಪಕರಣದಿಂದ ಬದಲಾಯಿಸಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗುಟ್ಟಿನ ವಿವರವನ್ನು ಗ್ರಾಹಕನೇ ಬಿಟ್ಟುಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕನದು. ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಒಂದೊಂದು ನಿಮಿಷಕ್ಕೂ ಬೆಲೆಯಿದೆ ಎಂದರ್ಥ. ನಮ್ಮ ಮಾಸ್ತರರು ಮಗನಿಗೆ ಹೇಳಲು ನಾಚಿ ಎರಡು ದಿನ ಸುಮ್ಮನಿದ್ದರು.

ಇನ್ನು ಅಧಿಕಾರಸ್ಥರಲ್ಲಿ ನಮ್ಮ ಮಾತು. ಕೇರಳವು ಸಂಪೂರ್ಣ ಡಿಜಿಟಲ್ ಸಾಕ್ಷರತೆ ಸಾಧಿಸಿದ ರಾಜ್ಯವೆಂದು 2025ರ ಆಗಸ್ಟಿನಲ್ಲಿ ಘೋಷಿಸಲ್ಪಟ್ಟಿತು. ಹೆಮ್ಮೆಯ ಸಂಗತಿಯೇ. ಆದರೆ ಗುಂಡಿ ಒತ್ತಲು ಬಲ್ಲವರೆಲ್ಲರಿಗೂ ಗುಂಡಿಯ ಮೇಲೆ ಬರೆದಿರುವುದೇನೆಂದು ತಿಳಿಯಬೇಡವೇ? ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾಕರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಿ ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯೇ ಮಾನ್ಯಮಾಡಿದೆ. ಸೈಬರ್ ವಂಚನೆಯ ಎಚ್ಚರಿಕೆಯ ಫಲಕಗಳು, ಕರಪತ್ರಗಳು ಈ ಜಿಲ್ಲೆಯ ಪ್ರತಿಯೊಂದು ಬ್ಯಾಂಕಿನ ಶಾಖೆಯಲ್ಲಿ, ಪೊಲೀಸ್ ಠಾಣೆಯಲ್ಲಿ, ಅಕ್ಷಯ ಕೇಂದ್ರದಲ್ಲಿ ಕನ್ನಡದಲ್ಲೂ ಇರಬೇಕೆಂದು ನಾವು ಕೇಳುವುದು ಉಪಕಾರವನ್ನಲ್ಲ. ದೂರು ಕೊಡಲು ಬಂದ ಮುದುಕನ ಮಾತು ತಿಳಿದು ಬರೆದುಕೊಳ್ಳುವ ಒಬ್ಬರಾದರೂ ಠಾಣೆಯಲ್ಲಿರಬೇಕು.

ನಮ್ಮವರೂ ಮಾಡಬೇಕಾದುದುಂಟು. ಶಾಲೆಗಳಲ್ಲಿ 2018ರಿಂದ ಲಿಟಲ್ ಕೈಟ್ಸ್ ಎಂಬ ಮಕ್ಕಳ ಕಂಪ್ಯೂಟರ್ ಸಂಘಗಳು ನಡೆಯುತ್ತಿವೆ. ಇವುಗಳ ಮೂಲಕ 2022ರಲ್ಲಿ ತಾಯಂದಿರಿಗೆ ಸೈಬರ್ ಸುರಕ್ಷೆಯ ತರಬೇತಿಯೂ ನಡೆಯಿತು. ನಮ್ಮ ಕನ್ನಡ ಶಾಲೆಗಳ ಮಕ್ಕಳು ಅದೇ ಪಾಠವನ್ನು ಭಜನಾ ಮಂದಿರದ ಜಗಲಿಯಲ್ಲಿ, ವಾಚನಾಲಯದಲ್ಲಿ, ಯಕ್ಷಗಾನ ಸಂಘದ ಸಭೆಯಲ್ಲಿ ಹಿರಿಯರಿಗೆ ಕನ್ನಡದಲ್ಲೋ ತುಳುವಿನಲ್ಲೋ ಹೇಳಿಕೊಡಲಿ. ದೂರದಲ್ಲಿರುವ ಮಕ್ಕಳು ಮುಂದಿನ ರಜೆಗೆ ಬಂದಾಗ ಅಪ್ಪ ಅಮ್ಮನ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿಕೊಡಲಿ; ಆ್ಯಂಡ್ರಾಯ್ಡ್ ಫೋನುಗಳಲ್ಲಿ ಅದಕ್ಕೆ ಅವಕಾಶವಿದೆ, ಎರಡು ನಿಮಿಷದ ಕೆಲಸ. ಬೇಡದ ಆ್ಯಪ್‌ಗಳನ್ನು ತೆಗೆದುಹಾಕಲಿ. ಸಹಾಯ ಬೇಕಾದಾಗ ಬಳಸುವ ಸಾಧನ ಯಾವುದು, ಕರೆಯಬೇಕಾದ ಸಂಖ್ಯೆ ಯಾವುದು ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಯ ಪಂಚಾಂಗದ ಪಕ್ಕದಲ್ಲಿ ಅಂಟಿಸಲಿ. "ಎಷ್ಟು ಸಲ ಹೇಳುವುದು ನಿಮಗೆ?" ಎಂದು ಫೋನಿನಲ್ಲಿ ಸಿಡುಕದಿರಲಿ. ಮಗನಿಂದ ಬೈಸಿಕೊಳ್ಳಲು ಅಂಜಿದ ತಂದೆಯೇ ಮೃದುವಾಗಿ ಮಾತನಾಡುವ ಕಳ್ಳನಿಗೆ ಸುಲಭವಾಗಿ ಸಿಗುತ್ತಾನೆ.

ಮಾತೃಭಾಷೆಯ ಮೇಲಿನ ಮಮತೆ ನಮ್ಮ ದೌರ್ಬಲ್ಯವಾಗಕೂಡದು. ಕನ್ನಡದಲ್ಲಿ ಮಾತನಾಡುವವರೆಲ್ಲ ನಮ್ಮವರೇ ಎಂದು ತಿಳಿಯಬೇಕಾದ ಕೊರತೆ ನಮ್ಮ ಹಿರಿಯರಿಗೆ ಬಾರದಂತೆ, ನ್ಯಾಯವಾಗಿ ಕನ್ನಡ ಕೇಳಿಬರಬೇಕಾದ ಎಡೆಗಳಲ್ಲಿ ಅದು ಕೇಳಿಬರುವಂತೆ ಮಾಡುವುದು ಎಲ್ಲರ ಹೊಣೆ. ಅಲ್ಲಿಯವರೆಗೆ ಬೀಗದ ಕೈ ನಮ್ಮ ಮಡಿಲಲ್ಲೇ ಇರಲಿ. ಮಾಸ್ತರರು ಕೆಂಪು ಶಾಯಿಯ ಪೆನ್ನು ಹಿಡಿದು ಮತ್ತೆ ನಮ್ಮ ಕಚೇರಿಗೆ ಬರುವರೆಂದು, ಈ ಬರಹದಲ್ಲಿಯೂ ನಾಲ್ಕು ತಪ್ಪು ಹುಡುಕಿ ತರುವರೆಂದು ನಾವು ಆಶಿಸುತ್ತೇವೆ.